ಫ್ರೆಂಚ್ ಕಲಿಯುವ ಪೇಟೆ ಮಕ್ಕಳಿಗೆ ಒಂದಿಷ್ಟು ಕಿವಿಮಾತು

ತರಗುಪೇಟೆ, ಚಾಮರಾಜಪೇಟೆ, ಬಸವನಗುಡಿ ಕಡೆಯ ಮಕ್ಕಳು ಪಿಯುಸಿಗೆ ಸೇರುವಾಗ ಭಾಷೆಯ ಜಾಗದಲ್ಲಿ ಫ್ರೆಂಚ್ ಬರೆಸುವುದು ಈಗ ಹೊಸದೇನಲ್ಲ. ಕೆಲವರು ಅಂಕಕ್ಕೆಂದು ಬರೆಸುತ್ತಾರೆ, ಕೆಲವರು ಮುಂದೆ ಫ್ರಾನ್ಸಿಗೋ ಕೆನಡಾದ ಕ್ವಿಬೆಕ್ಕಿಗೋ ಹೋಗುವ ಆಸೆಯಿಂದ. ಮೊದಲ ಕೆಲವು ತಿಂಗಳು ಎಲ್ಲ ಸಲೀಸು. ಭೂತಕಾಲದ ಪಾಠ ಬಂದಾಗ ಮುಖ ಬಾಡುತ್ತದೆ. ಆಗಿಹೋದದ್ದನ್ನು ಹೇಳುವುದಕ್ಕೆ ಎರಡು ರೂಪ ಯಾಕೆ, ಯಾವುದನ್ನು ಎಲ್ಲಿ ಹಾಕಬೇಕು ಎಂದು ನನ್ನ ಹತ್ತಿರ ಬರುವ ಮಕ್ಕಳೆಲ್ಲ ಕೇಳುತ್ತಾರೆ. ಒಂದು ‘ಪಾಸೆ ಕೊಂಪೋಜೆ’, ಮಾಡಿ ಮುಗಿಸಿದ ಕೆಲಸದ್ದು. ಇನ್ನೊಂದು ‘ಆ್ಯಂಪಾರ್ಫೆ’, ಅಂದರೆ ಅಪೂರ್ಣ ಭೂತಕಾಲ. ತೊಡಕೆಲ್ಲ ಈ ಎರಡನೆಯದರಲ್ಲಿ.

ಈ ಪೇಟೆಯಲ್ಲೇ ಹುಟ್ಟಿ ಬೆಳೆದು, ಬದುಕಿನ ಬಹುಪಾಲು ಫ್ರೆಂಚ್ ಪಾಠ ಹೇಳುತ್ತ ಬಂದವಳು ನಾನು. ನಾನು ಹೇಳಬೇಕಾದ್ದು ಮುಖ್ಯವಾಗಿ ಒಂದೇ: ಮಗೂ, ಇಂಗ್ಲಿಷಿನ ಮೇಲೆ ಸುತ್ತಿಕೊಂಡು ಬರಬೇಡ, ಕನ್ನಡದಿಂದ ನೇರವಾಗಿ ಬಾ. ಉಳಿದದ್ದೆಲ್ಲ ಇದರ ವಿವರ. ಫ್ರೆಂಚ್ ಮಾತುಗಳನ್ನು ಉಚ್ಚಾರಕ್ಕೆ ಹತ್ತಿರವಾಗುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಸ್ಪೆಲ್ಲಿಂಗ್ ಮುಖ್ಯವಾದ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ. ‘ಜ’ ಬಂದ ಕಡೆ ಸ್ವಲ್ಪ ಮೆತ್ತಗೆ ಹೇಳಿಕೋ.

• ಮೊದಲು ನಿನ್ನ ಬಾಯಲ್ಲಿ ದಿನಾ ಇರುವ ‘ಮಾಡುತ್ತಿದ್ದೆ, ಹೋಗುತ್ತಿದ್ದೆ, ಮಾರುತ್ತಿದ್ದರು’ ಎಂಬ ರೂಪವನ್ನು ಗಟ್ಟಿಯಾಗಿ ಹಿಡಿದುಕೋ. ‘ನಮ್ಮ ತಾತ ತರಗುಪೇಟೆಯಲ್ಲಿ ರಾಗಿ ಮಾರುತ್ತಿದ್ದರು’ ಎನ್ನುವ ವಾಕ್ಯ ನೋಡು. ವರ್ಷಗಟ್ಟಲೆ ಅದೇ ಕಸುಬು ಮಾಡುತ್ತಿದ್ದರು ಎಂದರೂ ಅದೇ ಮಾತು. ನಾನು ಹೋದ ಹೊತ್ತಿಗೆ ಗಿರಾಕಿಗೆ ಅಳೆದು ಕೊಡುತ್ತ ಕೂತಿದ್ದರು ಎಂದರೂ ಅದೇ ಮಾತು. ಫ್ರೆಂಚಿನಲ್ಲೂ ಹಾಗೆಯೇ, ಎರಡಕ್ಕೂ ಒಂದೇ ರೂಪ: ‘ಮೊಂ ಗ್ರಾಂಪೇರ್ ವಾಂದೆ ದ್ಯು ರಾಗಿ.’ ಇಂಗ್ಲಿಷಿಗೆ ಹೋದೆಯೋ, ‘ಸೋಲ್ಡ್’, ‘ಯೂಸ್ಡ್ ಟು ಸೆಲ್’, ‘ವಾಸ್ ಸೆಲ್ಲಿಂಗ್’, ‘ವುಡ್ ಸೆಲ್’ ಎಂದು ನಾಲ್ಕು ಬಾಗಿಲು ತೆರೆದುಕೊಳ್ಳುತ್ತವೆ. ಅದರಲ್ಲಿ ‘ಸೋಲ್ಡ್’ ಹಿಡಿದವರು ನೇರವಾಗಿ ಪಾಸೆ ಕೊಂಪೋಜೆಗೆ ಹೋಗಿ ಬೀಳುತ್ತಾರೆ. ಕ್ಲಾಸಿನಲ್ಲಿ ಪಾಠ ಇಂಗ್ಲಿಷಿನಲ್ಲಿ ನಡೆದರೂ ಮನಸ್ಸಿನೊಳಗೆ ವಾಕ್ಯ ಕನ್ನಡದಲ್ಲೇ ಕಟ್ಟಿಕೋ.

• ರೂಪ ಮಾಡುವುದು ಬಹಳ ಸುಲಭ. ವರ್ತಮಾನದಲ್ಲಿ ‘ನೂ’, ಅಂದರೆ ‘ನಾವು’ ಎಂಬುದರ ಜೊತೆ ಬರುವ ರೂಪ ತೆಗೆದುಕೋ, ಕೊನೆಯ ‘ಓಂ’ ಕಿತ್ತುಹಾಕು, ಉಳಿದದ್ದೇ ಧಾತು. ‘ನೂ ಪಾರ್ಲೋಂ’ ಇಂದ ‘ಪಾರ್ಲ್’. ‘ನೂ ಫಿನಿಸೋಂ’ ಇಂದ ‘ಫಿನಿಸ್’. ‘ನೂ ಪ್ರನೋಂ’ ಇಂದ ‘ಪ್ರನ್’. ‘ನೂ ಬ್ಯುವೋಂ’ ಇಂದ ‘ಬ್ಯುವ್’. ‘ನೂ ಫಜೋಂ’ ಇಂದ ‘ಫಜ್’. ಇಷ್ಟು ದೊಡ್ಡ ಭಾಷೆಯಲ್ಲಿ ಈ ನಿಯಮ ಮೀರುವ ಕ್ರಿಯಾಪದ ಒಂದೇ ಒಂದು, ‘ಎತ್ರ್’, ಅಂದರೆ ‘ಇರು’. ಅದರ ಧಾತು ‘ಎತ್’ ಎಂದು ಬೇರೆಯಾಗಿ ನೆನಪಿಟ್ಟುಕೋ: ‘ಜೆತೆ’, ನಾನು ಇದ್ದೆ. ‘ಮಳೆ ಬರುತ್ತಿತ್ತು’, ‘ಬೇಕಾಗುತ್ತಿತ್ತು’ ಎನ್ನುವಂಥವಕ್ಕೆ ‘ನೂ’ ರೂಪವೇ ಇಲ್ಲ. ಅವನ್ನು ‘ಇಲ್ ಪ್ಲವೆ’, ‘ಇಲ್ ಫಾಲೆ’ ಎಂದು ಹಾಗೇ ಕಲಿತುಬಿಡು. ವರ್ತಮಾನದ ‘ನೂ’ ರೂಪ ಬಾಯಿಗೆ ಬಾರದೆ ಈ ಪಾಠಕ್ಕೆ ಕೈ ಹಾಕಬೇಡ. ಮುಕ್ಕಾಲು ಪಾಲು ತಪ್ಪುಗಳ ಬೇರು ಅಲ್ಲಿರುತ್ತದೆ, ಇಲ್ಲಲ್ಲ.

• ಪ್ರತ್ಯಯ ಆರು. ‘ಜ’ಗೆ ಎ-ಐ-ಎಸ್, ‘ತ್ಯು’ಗೆ ಎ-ಐ-ಎಸ್, ‘ಇಲ್’ಗೆ ಎ-ಐ-ಟಿ, ‘ನೂ’ಗೆ ಐ-ಓ-ಎನ್-ಎಸ್, ‘ವೂ’ಗೆ ಐ-ಇ-ಝಡ್, ಬಹುವಚನದ ‘ಇಲ್’ಗೆ ಎ-ಐ-ಇ-ಎನ್-ಟಿ. ಕಣ್ಣಿಗೆ ಆರು ಕಂಡರೂ ಕಿವಿಗೆ ಬೀಳುವುದು ಮೂರೇ. ಮೊದಲ ಮೂರು, ಕಡೆಯದೊಂದು, ನಾಲ್ಕೂ ‘ಪಾರ್ಲೆ’ ಎಂದೇ ಕೇಳುತ್ತವೆ. ಉಳಿದೆರಡು ‘ಪಾರ್ಲ್ಯೋಂ’, ‘ಪಾರ್ಲ್ಯೆ’. ಕಡೆಯ ಇ-ಎನ್-ಟಿ ನೋಡಿ ‘ಪಾರ್ಲಯೆಂಟ್’ ಎಂದು ಓದುವ ಮಕ್ಕಳು ಪ್ರತಿ ವರ್ಷ ಇರುತ್ತಾರೆ. ಅದು ಬರಿ ಬರವಣಿಗೆಗೆ, ಬಾಯಿಗಲ್ಲ. ಉಕ್ತಲೇಖನ ಬರೆಸುವಾಗ ‘ಅವನು ಮಾತಾಡುತ್ತಿದ್ದ’ ‘ಅವರು ಮಾತಾಡುತ್ತಿದ್ದರು’ ಎರಡೂ ಒಂದೇ ಥರ ಕೇಳುತ್ತವೆ. ಆಗ ಹಿಂದುಮುಂದಿನ ವಾಕ್ಯ ನೋಡಿ ತೀರ್ಮಾನಿಸು. ಹಳೇ ಪುಸ್ತಕ ಕೈಗೆ ಸಿಕ್ಕಿ, ಎ-ಐ ಇರಬೇಕಾದ ಕಡೆ ಓ-ಐ ಕಂಡರೆ ಮುದ್ರಣದೋಷ ಎಂದುಕೊಳ್ಳಬೇಡ. ಹಿಂದೆ ಬರೆಯುತ್ತಿದ್ದದ್ದೇ ಹಾಗೆ. ಎ-ಐ ಇರಲಿ ಎಂದು ವೋಲ್ಟೇರ್ ಹಟ ಹಿಡಿದಿದ್ದ. ಫ್ರೆಂಚ್ ಅಕಾಡೆಮಿ ತನ್ನ ನಿಘಂಟಿನಲ್ಲಿ ಅದನ್ನು ಒಪ್ಪಿದ್ದು 1835ರಲ್ಲಿ.

• ಉಚ್ಚಾರದಲ್ಲಿ ಒಂದು ಸೂಕ್ಷ್ಮ ಇದೆ, ಅದಕ್ಕೆ ಉಪಾಯ ನಮ್ಮ ಬಾಯಲ್ಲೇ ಇದೆ. ‘ಜ ಪಾರ್ಲೆ’ ಎಂದರೆ ಮಾತಾಡುತ್ತಿದ್ದೆ; ‘ಜೆ ಪಾರ್ಲೆ’ ಎಂದರೆ ಮಾತಾಡಿದೆ. ಕನ್ನಡ ಲಿಪಿಯಲ್ಲಿ ಎರಡು ‘ಪಾರ್ಲೆ’ಗೂ ವ್ಯತ್ಯಾಸ ಕಾಣುವುದಿಲ್ಲ, ಆದರೆ ಬಾಯಿ ತೆರೆಯುವುದರಲ್ಲಿ ಇದೆ. ‘ಬೆಲ್ಲ’ ಎಂದು ಹೇಳು, ಆಮೇಲೆ ‘ಬೆಳ್ಳಿ’ ಎಂದು ಹೇಳು. ಮೊದಲನೆಯದರಲ್ಲಿ ‘ಎ’ಕಾರಕ್ಕೆ ಬಾಯಿ ಹೆಚ್ಚು ತೆರೆಯುತ್ತದೆ, ಎರಡನೆಯದರಲ್ಲಿ ತುಟಿ ಅಗಲವಾಗಿ ಬಾಯಿ ಕಿರಿದಾಗುತ್ತದೆ. ಅಪೂರ್ಣ ಭೂತಕ್ಕೆ ಬೆಲ್ಲದ ಎಕಾರ, ಮುಗಿದ ಭೂತಕ್ಕೆ ಬೆಳ್ಳಿಯ ಎಕಾರ. ಜೊತೆಗೆ ವಾಕ್ಯದ ತಲೆ ‘ಜ’ನೋ ‘ಜೆ’ನೋ ಎಂದು ಕಿವಿಗೊಟ್ಟರೆ ಅನುಮಾನ ಉಳಿಯುವುದಿಲ್ಲ. ಹಾಗೆಯೇ ‘ಎತೆ’ ಎನ್ನುವಾಗ ನಮ್ಮ ‘ತ’ ಇದೆಯಲ್ಲ, ನಾಲಿಗೆ ಹಲ್ಲಿಗೆ ತಾಕುವ ‘ತ’, ಫ್ರೆಂಚರದ್ದೂ ಅದೇ. ಇಂಗ್ಲಿಷಿನ ಅಭ್ಯಾಸದಿಂದ ‘ಎಟೆ’ ಎನ್ನಬೇಡ.

• ಸ್ಪೆಲ್ಲಿಂಗಿನ ಗುಂಡಿಗಳು ಎರಡು ಮೂರು, ದಾಟಿಬಿಡೋಣ. ‘ಮಾಂಜೆ’, ತಿನ್ನು: ‘ಜ’ಕಾರದ ಉಚ್ಚಾರ ಉಳಿಸುವುದಕ್ಕೆ ಜಿ ಆದಮೇಲೆ ಒಂದು ಇ ಬೇಕು, ‘ನೂ’, ‘ವೂ’ ಬಂದಾಗ ಆ ಇ ಬೇಡ. ‘ಕೊಮಾಂಸೆ’, ಆರಂಭಿಸು: ಸಿ ಅಕ್ಷರದ ಕೆಳಗಿನ ಬಾಲಕ್ಕೂ ಇದೇ ನಿಯಮ. ‘ಎತ್ಯುದಿಯೆ’, ಓದು: ‘ನೂ’ ರೂಪದಲ್ಲಿ ಐ ಎರಡು ಸಲ ಬರುತ್ತದೆ, ಒಂದು ಧಾತುವಿನದು, ಇನ್ನೊಂದು ಪ್ರತ್ಯಯದ್ದು. ಎರಡೂ ಬರಿ.

• ಈಗ ಮುಖ್ಯವಾದ ಪ್ರಶ್ನೆ, ಯಾವುದು ಎಲ್ಲಿ. ಮಂಡಿಯ ರೋಕಡಿ ಪುಸ್ತಕ ನೋಡಿದ್ದೀಯಲ್ಲ? ಇಂಥ ದಿನ ಇಷ್ಟು ಮೂಟೆ ಬಂತು, ಇಷ್ಟು ಹಣ ಸಂದಾಯವಾಯಿತು ಎಂದು ಸಾಲು ಹಾಕಿ ಬರೆಯುವಂಥದ್ದು ಪಾಸೆ ಕೊಂಪೋಜೆ. ಮಂಡಿ ಹೇಗಿತ್ತು, ಯಾರು ಎಲ್ಲಿ ಕೂರುತ್ತಿದ್ದರು, ಬೆಳಿಗ್ಗೆ ಗಾಡಿಗಳು ಎಷ್ಟು ಹೊತ್ತಿಗೆ ಬರುತ್ತಿದ್ದವು, ಇದನ್ನು ಯಾರೂ ಪುಸ್ತಕಕ್ಕೆ ಏರಿಸುವುದಿಲ್ಲ. ಅದು ಆ್ಯಂಪಾರ್ಫೆ.

ನಮ್ಮ ಊರಿನದೇ ಒಂದು ಕತೆ ತೆಗೆದುಕೊಳ್ಳೋಣ. ‘ಪೇಟೆಯ ಓಣಿಗಳು ಇಕ್ಕಟ್ಟಾಗಿದ್ದವು. ಮಳಿಗೆಗಳಲ್ಲಿ ಧಾನ್ಯದ ಮೂಟೆಗಳಿದ್ದವು. ಇಲಿಗಳು ಓಡಾಡುತ್ತಿದ್ದವು. 1898ರಲ್ಲಿ ಪ್ಲೇಗ್ ಬಂತು. ಜನ ಪೇಟೆ ಬಿಟ್ಟರು. ಹೊಸ ಬಡಾವಣೆ ಕಟ್ಟಿದರು.’ ಬಸವನಗುಡಿ, ಮಲ್ಲೇಶ್ವರ ಹುಟ್ಟಿದ್ದು ಆ ಪ್ಲೇಗಿನ ಬೆನ್ನಿಗೇ. ಚಾಮರಾಜಪೇಟೆ ಅದಕ್ಕೆ ಮುಂಚೆ, 1892ರ ಹೊತ್ತಿಗೇ ಇತ್ತು. ಈಗ ಫ್ರೆಂಚಿಗೆ ತಾ. ‘ಲೆ ರ್ಯೂ ಎತೆ ಎತ್ರ್ವಾತ್’, ಓಣಿಗಳು ಇಕ್ಕಟ್ಟಾಗಿದ್ದವು. ‘ಇಲ್ ಯಾವೆ ದೆ ಸಾಕ್ ದ ಗ್ರ್ಯಾಂ’, ಮೂಟೆಗಳಿದ್ದವು. ‘ಲೆ ರಾ ಕೂರೆ’, ಇಲಿಗಳು ಓಡಾಡುತ್ತಿದ್ದವು. ಮೂರೂ ಆ್ಯಂಪಾರ್ಫೆ, ಬೆಲ್ಲದ ಎಕಾರ. ಇಷ್ಟೂ ಹೊತ್ತು ಕತೆ ಒಂದಡಿ ಮುಂದೆ ಹೋಗಿಲ್ಲ, ಊರು ಹೇಗಿತ್ತು ಎಂಬುದಷ್ಟೇ ಗೊತ್ತಾಗಿದೆ. ಆಮೇಲೆ ‘ಲಾ ಪೆಸ್ತ್ ಎತ್ ಅರಿವೆ’, ಪ್ಲೇಗ್ ಬಂತು. ‘ಲೆ ಜಾಂ ಓಂ ಕಿತ್ತೆ ಲಾ ವೀಲ್’, ಜನ ಊರು ಬಿಟ್ಟರು. ‘ಓನ್ ಆ ಕೊಂಸ್ತ್ರ್ವಿ ದ ನೂವೋ ಕಾರ್ತ್ಯೆ’, ಹೊಸ ಬಡಾವಣೆ ಕಟ್ಟಿದರು. ಇಲ್ಲಿ ಒಂದೊಂದು ಕ್ರಿಯಾಪದಕ್ಕೂ ಕತೆ ಒಂದೊಂದು ಹೆಜ್ಜೆ ಇಡುತ್ತದೆ. ‘ಆಮೇಲೆ ಏನಾಯಿತು’ ಎಂಬ ಪ್ರಶ್ನೆಗೆ ಉತ್ತರವಾದರೆ ಪಾಸೆ ಕೊಂಪೋಜೆ, ‘ಆಗ ಹೇಗಿತ್ತು’ ಎಂಬುದಕ್ಕೆ ಉತ್ತರವಾದರೆ ಆ್ಯಂಪಾರ್ಫೆ. ಬರೆದಾದ ಮೇಲೆ ಪ್ರತಿ ಕ್ರಿಯಾಪದಕ್ಕೂ ಈ ಎರಡು ಪ್ರಶ್ನೆ ಹಾಕಿ ನೋಡು.

• ನಾನು ಕಲಿಸಿದ್ದರಲ್ಲೆಲ್ಲ ಮಕ್ಕಳಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ‘ಇತ್ತು’, ‘ಆಯಿತು’ ಎಂಬ ಜೋಡಿ. ಫ್ರೆಂಚ್ ವ್ಯಾಕರಣದ ಪುಸ್ತಕಗಳು ಪುಟಗಟ್ಟಲೆ ವಿವರಿಸುವುದನ್ನು ಕನ್ನಡ ಎರಡು ಮಾತಿನಲ್ಲಿ ಮುಗಿಸುತ್ತದೆ. ‘ನನಗೆ ಗೊತ್ತಿತ್ತು’ ಎಂದರೆ ‘ಜ ಸಾವೆ’, ಆ್ಯಂಪಾರ್ಫೆ. ‘ನನಗೆ ಗೊತ್ತಾಯಿತು’ ಎಂದರೆ ‘ಜೆ ಸ್ಯು’, ಪಾಸೆ ಕೊಂಪೋಜೆ. ‘ಅವರ ಪರಿಚಯ ಇತ್ತು’ ಎಂದರೆ ಆ್ಯಂಪಾರ್ಫೆ, ‘ಪರಿಚಯ ಆಯಿತು’ ಎಂದರೆ ಪಾಸೆ ಕೊಂಪೋಜೆ. ‘ಹೆದರಿಕೆ ಇತ್ತು’ ‘ಜಾವೆ ಪರ್’, ‘ಹೆದರಿಕೆ ಆಯಿತು’ ‘ಜೆ ಯು ಪರ್’. ‘ರಸ್ತೆಯಲ್ಲಿ ಗಲಾಟೆ ಇತ್ತು’ ‘ಇಲ್ ಯಾವೆ’, ‘ಗಲಾಟೆ ಆಯಿತು’ ‘ಇಲ್ ಯಾ ಯು’. ಇದೇ ಕ್ರಿಯಾಪದಗಳಿಗೆ ಇಂಗ್ಲಿಷಿನಲ್ಲಿ ಹುಡುಕಿದರೆ ಒಮ್ಮೆ ‘ನ್ಯೂ’, ಒಮ್ಮೆ ‘ಫೌಂಡ್ ಔಟ್’, ಒಮ್ಮೆ ‘ಮೆಟ್’ ಎಂದು ಪದವೇ ಬದಲಾಗಿ ದಾರಿ ತಪ್ಪುತ್ತದೆ. ನಿನಗೆ ಆ ಕಷ್ಟ ಬೇಡ. ‘ಇತ್ತು, ಇದ್ದ, ಇದ್ದವು’ ಎಂದು ಬಾಯಿಗೆ ಬಂದರೆ ಹೆಚ್ಚಿನ ಪಾಲು ಆ್ಯಂಪಾರ್ಫೆಯೇ. ‘ಆಯಿತು’ ಎಂದು ಬಂದರೆ ಪಾಸೆ ಕೊಂಪೋಜೆ.

• ಆದರೆ ‘ಇದ್ದ’ ಎಂಬುದಕ್ಕೆ ಒಂದು ಅಪವಾದ ಉಂಟು, ಅದನ್ನು ಮರೆತರೆ ಅಂಕ ಹೋಗುತ್ತದೆ. ಕಾಲಕ್ಕೆ ಗಡಿ ಹಾಕಿ, ಇಷ್ಟು ವರ್ಷ ಎಂದು ಲೆಕ್ಕ ಕೊಟ್ಟು ಮುಗಿಸಿದರೆ ಫ್ರೆಂಚರು ಅದನ್ನು ಮುಗಿದ ಕೆಲಸವೆಂದೇ ಎಣಿಸುತ್ತಾರೆ. ಫ್ರೆಂಚ್ ಪಾದ್ರಿ ಆಬೆ ದ್ಯುಬ್ವಾ ಉದಾಹರಣೆಗೆ ಒಳ್ಳೆಯವನು. 1792ರಲ್ಲಿ ಭಾರತಕ್ಕೆ ಬಂದವನು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು ನಮ್ಮ ಜನರ ನಡುವೆಯೇ ಇದ್ದ. ‘ಅವನು ಮೈಸೂರು ಸೀಮೆಯಲ್ಲಿ ಇದ್ದ’ ಎನ್ನುವಾಗ ‘ಇಲ್ ಆಬಿತೆ’, ಆ್ಯಂಪಾರ್ಫೆ. ‘1823ರಲ್ಲಿ ಹೊರಟುಹೋದ’ ಎನ್ನುವಾಗ ‘ಇಲ್ ಎ ಪಾರ್ತಿ’, ಪಾಸೆ ಕೊಂಪೋಜೆ. ‘ಭಾರತದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಇದ್ದ’ ಎಂದು ಲೆಕ್ಕ ಹೇಳಿದರೆ ಮತ್ತೆ ಪಾಸೆ ಕೊಂಪೋಜೆ: ‘ಇಲ್ ಆ ವೇಕ್ಯು ಪ್ಲ್ಯು ದ ತ್ರಾಂತ್ ಆಂ.’ ಒಬ್ಬನೇ ಮನುಷ್ಯ, ಅದೇ ಬದುಕು. ನೀನು ಅದನ್ನು ಒಳಗೆ ನಿಂತು ನೋಡುತ್ತೀಯೋ, ಮುಗಿದ ಮೇಲೆ ಹೊರಗೆ ನಿಂತು ಅಳೆಯುತ್ತೀಯೋ ಎನ್ನುವುದರ ಮೇಲೆ ಕ್ರಿಯಾಪದ ಬದಲಾಗುತ್ತದೆ.

• ಕನ್ನಡ ಕಾಲು ಎಳೆಯುವ ಇನ್ನೊಂದು ಜಾಗ ‘ಹೋಗಿದ್ದೆ’. ‘ನಿನ್ನೆ ಮಾರ್ಕೆಟ್ಟಿಗೆ ಹೋಗಿದ್ದೆ’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಅದರಲ್ಲಿ ‘ಇದ್ದೆ’ ಇದೆಯೆಂದು ‘ಜೆತೆ ಆಲೆ’ ಎಂದು ಬರೆಯುತ್ತಾರೆ ಮಕ್ಕಳು. ಬೇಡ. ಬರೀ ನಿನ್ನೆಯ ಸುದ್ದಿ ಆದರೆ ‘ಜ ಸ್ವಿ ಆಲೆ ಓ ಮಾರ್ಶೆ’ ಸಾಕು. ‘ನಾನು ಮಾರ್ಕೆಟ್ಟಿಗೆ ಹೋಗಿದ್ದೆ, ಆಗ ಇವರು ಮನೆಗೆ ಬಂದರು’ ಎಂದು ಇನ್ನೊಂದು ಕೆಲಸಕ್ಕಿಂತ ಮುಂಚಿನದು ಎಂದು ತೋರಿಸಬೇಕಾದಾಗ ಮಾತ್ರ ‘ಜೆತೆ ಆಲೆ’.

• ‘ರೆ’ ಪ್ರತ್ಯಯದ ವಿಷಯ ನಿಧಾನವಾಗಿ ಓದು. ನಾವು ‘ದುಡ್ಡಿದ್ದಿದ್ದರೆ ಈ ಮೂಟೆ ಕೊಳ್ಳುತ್ತಿದ್ದೆ’ ಎನ್ನುತ್ತೇವೆ. ನಮ್ಮಲ್ಲಿ ಷರತ್ತಿನ ತುಂಡಿಗೆ ‘ರೆ’, ಫಲದ ತುಂಡಿಗೆ ‘ಉತ್ತಿದ್ದೆ’. ಫ್ರೆಂಚಿನಲ್ಲಿ ಸರಿಯಾಗಿ ಅದಲುಬದಲು. ‘ಸಿ ಜಾವೆ ದ ಲಾರ್ಜಾಂ, ಜಾಶೆತ್ರೆ ಸ ಸಾಕ್.’ ‘ಸಿ’, ಅಂದರೆ ಷರತ್ತು ಇರುವ ಕಡೆ ಆ್ಯಂಪಾರ್ಫೆ. ಫಲದ ಕಡೆ ‘ರೆ’ ಎಂದು ಮುಗಿಯುವ ಕೊಂದಿಸ್ಯೊನೆಲ್ ರೂಪ. ನಮ್ಮ ‘ಉತ್ತಿದ್ದೆ’ ನೋಡಿ ಫಲದ ತುಂಡಿಗೆ ಆ್ಯಂಪಾರ್ಫೆ ಹಾಕುವ ತಪ್ಪು ಕನ್ನಡದ ಮಕ್ಕಳೆಲ್ಲ ಮಾಡುವಂಥದ್ದು. ಕನ್ನಡದ ‘ರೆ’ ಇದ್ದ ಕಡೆ ಫ್ರೆಂಚಿನ ‘ರೆ’ ಇರಕೂಡದು, ಇದಿಷ್ಟು ನೆನಪಿದ್ದರೆ ಸಾಕು. ಮೇಲಿನ ಫ್ರೆಂಚ್ ವಾಕ್ಯ ಈಗ ಕೈಯಲ್ಲಿ ದುಡ್ಡಿಲ್ಲ ಎಂಬುದರ ಮಾತು. ಹೋದ ವರ್ಷ ಇರಲಿಲ್ಲ ಎಂದು ಹೇಳಬೇಕಾದರೆ ಎರಡು ತುಂಡೂ ಇನ್ನೊಂದು ಮೆಟ್ಟಿಲು ಹಿಂದಕ್ಕೆ ಹೋಗುತ್ತವೆ, ಅದು ಮುಂದಿನ ಪಾಠ.

• ಅಂಗಡಿಗೆ ಬಂದ ಗಿರಾಕಿ ‘ಅರ್ಧ ಕೆ.ಜಿ. ತೊಗರಿಬೇಳೆ ಬೇಕಿತ್ತು’ ಎನ್ನುತ್ತಾನೆ. ಬೇಕಾದದ್ದು ಈಗಲೇ, ಆದರೂ ‘ಬೇಕಿತ್ತು’. ದೊಡ್ಡವರ ಹತ್ತಿರ ‘ಒಂದು ವಿಷಯ ಕೇಳಬೇಕಿತ್ತು’ ಎನ್ನುತ್ತೇವೆ. ಫ್ರೆಂಚರ ವಿನಯವೂ ಇದೇ ದಾರಿ ಹಿಡಿಯುತ್ತದೆ: ‘ಜ ವೂಲೆ ವೂ ದಮಾಂದೆ’, ನಿಮ್ಮನ್ನು ಕೇಳಬೇಕಿತ್ತು. ಸಾಮಾನು ಕೇಳುವುದಕ್ಕೆ ಅಂಗಡಿಯಲ್ಲಿ ‘ಜ ವೂದ್ರೆ’ ಎಂಬ ಕೊಂದಿಸ್ಯೊನೆಲ್ ಹೆಚ್ಚು ರೂಢಿ. ಮೌಖಿಕ ಪರೀಕ್ಷೆಯಲ್ಲಿ ಮೇಷ್ಟ್ರನ್ನು ಏನಾದರೂ ಕೇಳಬೇಕಾದರೆ ‘ಜ ವೂಲೆ’ ಎಂದು ಶುರುಮಾಡು, ಮರ್ಯಾದೆಯಾಗಿ ಕೇಳುತ್ತದೆ.

• ‘ಆಗಷ್ಟೇ ಬಂದಿದ್ದೆ’ ಎಂಬುದಕ್ಕೆ ‘ಜ ವನೆ ದಾರಿವೆ’. ‘ಹತ್ತು ವರ್ಷದಿಂದ ಅಲ್ಲೇ ಇದ್ದೆವು, ಅಷ್ಟರಲ್ಲಿ...’ ಎಂಬಂಥ ವಾಕ್ಯಕ್ಕೆ ‘ದಪ್ವಿ’ ಜೊತೆ ಆ್ಯಂಪಾರ್ಫೆ. ಇವು ಅಭ್ಯಾಸದಲ್ಲಿ ತಾವಾಗಿ ಬರುತ್ತವೆ.

• ಕೋಷ್ಟಕ ಉರುಹೊಡೆದರೆ ಪರೀಕ್ಷೆಯ ಒಂದು ಪ್ರಶ್ನೆಗೆ ಸಾಕು, ಭಾಷೆಗೆ ಸಾಲದು. ಡೆಲ್ಫ್ ಪರೀಕ್ಷೆಯ ಎ2 ಹಂತದಲ್ಲಿ ನಿನ್ನ ಅನುಭವವೊಂದನ್ನು ಕನಿಷ್ಠ 60 ಪದದಲ್ಲಿ ಬರಿ ಎಂದು ಕೇಳುತ್ತಾರೆ. ಅಲ್ಲಿ ಎರಡೂ ಭೂತಕಾಲ ಬೇಕು. ಮೊದಲು ಎರಡು ವಾಕ್ಯದಲ್ಲಿ ಜಾಗ, ಹವೆ, ಜನ ಹೇಗಿದ್ದರು ಎಂದು ಆ್ಯಂಪಾರ್ಫೆಯಲ್ಲಿ ಬರಿ, ಆಮೇಲೆ ನಡೆದದ್ದನ್ನು ಪಾಸೆ ಕೊಂಪೋಜೆಯಲ್ಲಿ ಸಾಲುಗಟ್ಟಿಸು, ಕಡೆಗೆ ನಿನಗೆ ಏನನ್ನಿಸುತ್ತಿತ್ತು ಎಂದು ಮತ್ತೆ ಆ್ಯಂಪಾರ್ಫೆಗೆ ಬಾ.

• ಓದುವ ಅಭ್ಯಾಸ ಬೆಳೆಸಿಕೋ. ಕಾಮುವಿನ ‘ಲೆತ್ರಾಂಜೆ’, 1942ರ ಕಾದಂಬರಿ, ಹೆಚ್ಚಾಗಿ ಪಾಸೆ ಕೊಂಪೋಜೆಯಲ್ಲೇ ನಡೆಯುತ್ತದೆ. ಪೆನ್ಸಿಲ್ ಹಿಡಿದು ಒಂದು ಪುಟದಲ್ಲಿ ಎರಡು ಭೂತಕಾಲಕ್ಕೂ ಬೇರೆ ಬೇರೆ ಗುರುತು ಹಾಕು. 2022ರಲ್ಲಿ ನೊಬೆಲ್ ಪಡೆದ ಆನಿ ಎರ್ನೋ ಅವರ ‘ಲೆಜ್ ಆನೆ’ (2008) ಇದಕ್ಕೆ ತದ್ವಿರುದ್ಧ, ಒಂದು ಪೀಳಿಗೆಯ ಬದುಕನ್ನು ಬಹುಪಾಲು ಆ್ಯಂಪಾರ್ಫೆಯಲ್ಲೇ ಹೇಳುತ್ತದೆ. ಅದು ಕಷ್ಟ ಎನಿಸಿದರೆ ಜಾರ್ಜ್ ಪೆರೆಕ್ 1978ರಲ್ಲಿ ಪ್ರಕಟಿಸಿದ ‘ಜ ಮ ಸೂವ್ಯಾಂ’ ತೆಗೆದುಕೋ. ‘ನನಗೆ ನೆನಪಿದೆ’ ಎಂದು ಶುರುವಾಗುವ 480 ಪುಟ್ಟ ನೆನಪುಗಳು ಅದರಲ್ಲಿವೆ, ಒಂದೊಂದು ಒಂದೆರಡು ಸಾಲು. ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಮಾದರಿ ನಾನು ಕಂಡಿಲ್ಲ.

• ಅದೇ ಮಾದರಿಯಲ್ಲಿ ನಮ್ಮ ಪೇಟೆಯ ನೆನಪು ಬರಿ. ನಿನಗೆ ನೆನಪಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳು. ಧಾನ್ಯವನ್ನು ಹೇಗೆ ಅಳೆಯುತ್ತಿದ್ದರು? ಸೇರು, ಬಳ್ಳ, ಕೊಳಗದಲ್ಲಿ. ‘ಓಂ ಮೆಜ್ಯುರೆ ಆಂ ಸೇರ್’, ಅಳೆಯುತ್ತಿದ್ದರು. ಆಮೇಲೆ 1956ರ ಕಾನೂನು ಬಂದು ಕಿಲೋ ಬಂತು: ‘ಲ ಕಿಲೋ ಎತ್ ಅರಿವೆ.’ ಆ ಕಿಲೋ ಹುಟ್ಟಿದ್ದೂ ಫ್ರಾನ್ಸಿನಲ್ಲೇ, 1795ರ ಕಾನೂನಿನಿಂದ. ಸಂಜೆ ಮಾರುಕಟ್ಟೆಯ ಹತ್ತಿರ ಏನು ಉರಿಯುತ್ತಿತ್ತು? ಎಣ್ಣೆ ದೀಪ. 1905ರ ಆಗಸ್ಟ್ 5ರಂದು ವಿದ್ಯುತ್ ದೀಪ ಹತ್ತಿತು. ಮೂಟೆ ಯಾರು ಹೊರುತ್ತಿದ್ದರು, ಬೆಲ್ಲದ ಗಾಡಿಗಳು ಎಲ್ಲಿ ನಿಲ್ಲುತ್ತಿದ್ದವು, ಹಮಾಲಿಗಳು ಎಲ್ಲಿ ಊಟ ಮಾಡುತ್ತಿದ್ದರು, ಒಂದೊಂದಕ್ಕೂ ಒಂದೊಂದು ವಾಕ್ಯ. ಸಗಟು ವ್ಯಾಪಾರದ ಬಹುಪಾಲು ಯಶವಂತಪುರದ ಎಪಿಎಂಸಿ ಯಾರ್ಡಿಗೆ ಹೋಯಿತು, ಅದಕ್ಕೆ ಪಾಸೆ ಕೊಂಪೋಜೆ. ಹೋಗುವುದಕ್ಕೆ ಮುಂಚೆ ಇಲ್ಲಿ ಇದ್ದದ್ದೆಲ್ಲ ಆ್ಯಂಪಾರ್ಫೆ.

• ಈ ವಾರವೇ ಹತ್ತು ವಾಕ್ಯ ಬರೆದು ತಾ, ನಾನು ತಿದ್ದಿಕೊಡುತ್ತೇನೆ. ಸೇರಿನಲ್ಲಿ ಅಳೆದ ಕೈಗಳು ಪೇಟೆಯಲ್ಲಿ ಇನ್ನು ಬೆರಳೆಣಿಕೆಯಷ್ಟು. ಪರೀಕ್ಷೆ ಮುಗಿಯಲಿ ಎಂದು ಕಾಯಬೇಡ, ಅವರನ್ನು ಈಗಲೇ ಹೋಗಿ ಕೇಳು.